ಜ್ವರದ ದ್ವೀಪದಲ್ಲಿ ದೊಡ್ಡಸ್ವಾಮಿ

1796ರಲ್ಲಿ ಖಾಸಾ ಚಾಮರಾಜ ಒಡೆಯರು ಸಿಡುಬಿನಿಂದ ತೀರಿಕೊಂಡಾಗ ಶ್ರೀರಂಗಪಟ್ಟಣದಲ್ಲಿ ಅಧಿಕಾರವೆಲ್ಲ ಟಿಪ್ಪು ಸುಲ್ತಾನನ ಕೈಯಲ್ಲಿತ್ತು. ಹೆಸರಿಗಷ್ಟೇ ದೊರೆಯಾಗಿದ್ದ ಒಡೆಯರ ಸಾವಿನ ನಂತರ ಅವರ ಮನೆಯವರನ್ನು ಅರಮನೆಯಿಂದ ಹೊರಹಾಕಿ, ಊರೊಳಗಿನ ಒಂದು ಬಡ ಮನೆಗೆ ಸಾಗಿಸಲಾಯಿತು. ಆಗ ಮಗನಿಗೆ ಎರಡು ವರ್ಷ. ಮೂರು ವರ್ಷ ಕಳೆದು ಕೋಟೆ ಬಿದ್ದ ಮೇಲೆ ಇಂಗ್ಲಿಷರ ಅಧಿಕಾರಿಗಳು ಹುಡುಕಿಕೊಂಡು ಬಂದು ಸಿಂಹಾಸನಕ್ಕೆ ಕರೆದೊಯ್ದದ್ದು ಇದೇ ಮಗುವನ್ನು. 1799ರ ಜೂನ್ 30ರಂದು ಮೈಸೂರಿನಲ್ಲಿ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ತಂದೆಯ ಕುರಿತು ಮನೆಯ ಹಿರಿಯ ಹೆಂಗಸರು ಏನೇ ಹೇಳಿರಲಿ, ಆ ಕತೆ ಸಿಡುಬಿನಲ್ಲಿ ಮುಗಿಯುತ್ತಿತ್ತು.

ಶ್ರೀರಂಗಪಟ್ಟಣವೆಂದರೆ ಯುದ್ಧ ಎಂದೇ ಓದಿಕೊಂಡು ಬಂದವರಿಗೆ ಈ ಸಾವು ಅಡಿಟಿಪ್ಪಣಿಯಂತೆ ಕಾಣುತ್ತದೆ. ಆದರೆ ಕಾವೇರಿಯ ಎರಡು ಕವಲುಗಳ ನಡುವಿನ ಈ ಚಿಕ್ಕ ದ್ವೀಪದಲ್ಲಿ ಫಿರಂಗಿಗಳು ಸದ್ದು ಮಾಡಿದ್ದು ಕೆಲವೇ ವಾರ. ರೋಗಗಳು ಮಾತ್ರ ತಲೆಮಾರುಗಟ್ಟಲೆ ಕಾಡಿದವು. ಆ ಕತೆಯ ಮುಖ್ಯ ಭಾಗ ನಡೆದದ್ದು ಕೋಟೆಯ ಒಳಗಲ್ಲ, ದ್ವೀಪದ ಪೂರ್ವದ ತುದಿಗಿರುವ ಗಂಜಾಂನಲ್ಲಿ.

ಇಂದು ಗಂಜಾಂ ಎಂದರೆ ಭಕ್ತರಿಗೆ ನಿಮಿಷಾಂಬ, ಪ್ರವಾಸಿಗರಿಗೆ ಗುಂಬಜ್, ಹಳಬರ ನೆನಪಿನಲ್ಲಿ ಅಂಜೂರದ ತೋಟ. ಟಿಪ್ಪುವಿನ ಕಾಲದಲ್ಲಿ ಇದು ಶಹರ್ ಗಂಜಾಂ, ಅಂದರೆ ರಾಜಧಾನಿಯ ಪೇಟೆ. ಅದನ್ನು ತುಂಬಿಸಲೆಂದು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ ಕರೆತಂದರೆಂದು ಗೆಜೆಟಿಯರ್‌ಗಳು ದಾಖಲಿಸಿವೆ. ಒಣ ಬಯಲುಸೀಮೆಯ ನೇಕಾರರು, ವರ್ತಕರು, ಕಸುಬಿನವರು ಹೀಗೆ ಏಕಾಏಕಿ ಬಂದು ಇಳಿದದ್ದು ಭತ್ತದ ಗದ್ದೆ, ನಾಲೆ, ತೋಟಗಳ ನಡುವಿಗೆ. ಹದಿನೇಳನೆಯ ಶತಮಾನದಲ್ಲಿ ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ತೋಡಿದ ಬಂಗಾರದೊಡ್ಡಿ ನಾಲೆ ಹೊಳೆಯ ಮೇಲಿನ ಮೇಲ್ಗಾಲುವೆಯಲ್ಲಿ ಹಾದು ದ್ವೀಪಕ್ಕೆ ಬರುತ್ತದೆ, ಅಲ್ಲಿಂದ ಗಂಜಾಂ ಕಡೆಗೆ ಹರಿಯುತ್ತದೆ. ಹೊಳೆಯ ಮೇಲೆ ಇನ್ನೊಂದು ಹೊಳೆಯನ್ನೇ ಹಾಯಿಸಿದ ಆ ಕೆಲಸ ನೋಡಿದರೆ ಇಂದಿಗೂ ಬೆರಗಾಗುತ್ತದೆ. ಕಬ್ಬು, ಭತ್ತ, ಅಂಜೂರ ಎಲ್ಲಕ್ಕೂ ಅದೇ ನೀರು. ಸೊಳ್ಳೆಗೂ ಅದೇ ನೀರು. ಆದರೆ ಆ ಮಾತನ್ನು ಖಚಿತವಾಗಿ ಹೇಳಬಲ್ಲವರು ಬರುವುದಕ್ಕೆ ಇನ್ನೂ ನೂರು ವರ್ಷ ಬೇಕಿತ್ತು.

1792ರ ಮುತ್ತಿಗೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೇನೆ ದ್ವೀಪದ ಪೂರ್ವಭಾಗವನ್ನು ಹಿಡಿಯಿತು. ಗಂಜಾಂಗೆ ತಾಗಿದ್ದ ಲಾಲ್‌ಬಾಗಿನ ಮರಗಳನ್ನು ಮುತ್ತಿಗೆಯ ಕೆಲಸಕ್ಕೆಂದು ಕಡಿದರು, ತೋಟದ ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. 1799ರ ಮೇ 4ರಂದು ಕೋಟೆಯೇ ಬಿತ್ತು. ಮರುವರ್ಷದ ಮೇ ತಿಂಗಳಲ್ಲಿ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಇಲ್ಲಿಗೆ ಬಂದಾಗ ಊರು ಮತ್ತೆ ಉಸಿರಾಡಲು ತೊಡಗಿತ್ತು. ಅವನು ಬರೆದುಕೊಂಡ ಲೆಕ್ಕ ಹೀಗಿದೆ: ಕೋಟೆಯೊಳಗೆ 4,163 ಮನೆ, ಶಹರ್ ಗಂಜಾಂನಲ್ಲಿ 2,216 ಮನೆ. ಮನೆಗೆ ಐದು ಜನರಂತೆ ಹಿಡಿದು ಕೋಟೆಗೆ 20,815, ಗಂಜಾಂಗೆ 11,080 ಎಂದು ಅಂದಾಜು ಮಾಡಿದ. ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂಬುದು ಅವನ ಇನ್ನೊಂದು ಅಂದಾಜು. ಆ ದೊಡ್ಡ ಸಂಖ್ಯೆಯನ್ನು ಅರ್ಧಕ್ಕಿಳಿಸಿ ನೋಡಿದರೂ ಒಂದು ನಗರ ಎಷ್ಟು ಬೇಗ ಕರಗಿತೆಂಬುದು ತಿಳಿಯುತ್ತದೆ.

ಇಂಥ ಊರಿಗೆ ಬಂದವರು ಫ್ರಾನ್ಸಿನ ಪಾದ್ರಿ ಅಬೆ ದುಬ್ವಾ. 1792ರಲ್ಲಿ ಭಾರತಕ್ಕೆ ಬಂದು ತಮಿಳು ಸೀಮೆಯಲ್ಲಿ ಕೆಲಸ ಮಾಡಿದ್ದ ಅವರನ್ನು ಕೋಟೆ ಬಿದ್ದ ಮೇಲೆ ಮೈಸೂರು ಸೀಮೆಗೆ ಕರೆಸಿಕೊಳ್ಳಲಾಯಿತು. ಟಿಪ್ಪುವಿನ ಆಳ್ವಿಕೆಯಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸುವುದು ಅವರಿಗೆ ಬಂದ ಕೆಲಸ. ಗಂಜಾಂನಲ್ಲಿ ನೆಲೆ ಮಾಡಿದರು, ಅಲ್ಲೊಂದು ಚರ್ಚು ಎದ್ದಿತು. ಊರಿನವರಂತೆಯೇ ಉಡುಪು ತೊಟ್ಟರು, ಊರಿನವರಂತೆಯೇ ಉಂಡರು, ಎದುರಿಗಿದ್ದವರ ನೇಮನಿಷ್ಠೆಗೆ ಧಕ್ಕೆಯಾಗದಂತೆ ನಡೆದುಕೊಂಡರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದೇ ಕರೆದರು. ಹಿಂದೂಗಳ ಆಚಾರ ವಿಚಾರಗಳ ಮೇಲೆ ಅವರು ಬರೆದ ಪುಸ್ತಕದ ಹಸ್ತಪ್ರತಿಯನ್ನು ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಮೂಲಕ ಕಂಪನಿ 2,000 ವರಹ ಕೊಟ್ಟು ಕೊಂಡುಕೊಂಡಿತು. ಪುಸ್ತಕ ಜಗತ್ಪ್ರಸಿದ್ಧವಾಯಿತು, ಅದರ ಮೇಲಿನ ವಾದವಿವಾದ ಇಂದಿಗೂ ಮುಗಿದಿಲ್ಲ. ಆ ಗದ್ದಲದಲ್ಲಿ ಅವರು ಮಾಡಿದ ಇನ್ನೊಂದು ಕೆಲಸ ಮಸುಕಾಗಿಬಿಟ್ಟಿದೆ.

ಅದು ಸಿಡುಬಿನ ವಿರುದ್ಧದ ಕೆಲಸ.

ಹಳೆ ಮೈಸೂರಿನ ಹಳ್ಳಿಗಳಲ್ಲಿ ಸಿಡುಬಿನ ಹೆಸರೆತ್ತಲೂ ಜನ ಹೆದರುತ್ತಿದ್ದರು. ‘ಅಮ್ಮ ಬಂದಿದ್ದಾಳೆ’ ಎಂದರೆ ಸಾಕಿತ್ತು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದು, ಒಗ್ಗರಣೆಯ ಚಟಪಟ ನಿಲ್ಲಿಸುವುದು, ಮೈಗೆ ಬೇವಿನ ಎಲೆ ಸವರುವುದು, ಇಳಿದ ಮೇಲೆ ಮಾರಮ್ಮನಿಗೆ ತಂಬಿಟ್ಟಿನ ಆರತಿ, ಮೊಸರನ್ನದ ತಂಪು. ಇದನ್ನೆಲ್ಲ ಬರೀ ಮೂಢನಂಬಿಕೆ ಎಂದು ತಳ್ಳಿಹಾಕಬೇಕಿಲ್ಲ. ಸೊಪ್ಪು ಕಟ್ಟಿದ ಮನೆಗೆ ಯಾರೂ ಕಾಲಿಡುತ್ತಿರಲಿಲ್ಲ. ರೋಗಿಗೆ ನೆರಳು, ತಂಪು, ಮೆತ್ತನೆಯ ಊಟ ಸಿಗುತ್ತಿತ್ತು. ಆ ಕಾಲದ ಯುರೋಪಿನ ವೈದ್ಯರ ಬಳಿಯೂ ಬಂದ ಸಿಡುಬಿಗೆ ಇದಕ್ಕಿಂತ ಮೇಲಾದ ಔಷಧ ಇರಲಿಲ್ಲ. ಇದ್ದದ್ದು ಬಾರದಂತೆ ತಡೆಯುವ ಹೊಸ ಉಪಾಯವೊಂದೇ.

ಎಡ್ವರ್ಡ್ ಜೆನ್ನರ್ 1796ರಲ್ಲಿ, ಅಂದರೆ ಶ್ರೀರಂಗಪಟ್ಟಣದಲ್ಲಿ ಚಾಮರಾಜ ಒಡೆಯರು ಸತ್ತ ವರ್ಷವೇ, ಹಸುವಿನ ಸಿಡುಬಿನ ರಸವನ್ನು ಒಬ್ಬ ಹುಡುಗನ ತೋಳಿಗೆ ಹಾಕಿ ಪರೀಕ್ಷಿಸಿದ. ಆ ರಸ ಭಾರತಕ್ಕೆ ತಲುಪಲು ಆರು ವರ್ಷ ಹಿಡಿಯಿತು. ಬಿಸಿಲಿಗೆ ಕೆಡುತ್ತಿದ್ದುದರಿಂದ ಸೀಸೆಯಲ್ಲಿ ತುಂಬಿ ತರಲು ಆಗುತ್ತಿರಲಿಲ್ಲ. ವಿಯೆನ್ನಾದಿಂದ ಬಾಗ್ದಾದಿಗೆ ಬಂದು, ಅಲ್ಲಿಂದ ಬಸ್ರಾ ದಾಟಿ ತೋಳಿನಿಂದ ತೋಳಿಗೆ ಸಾಗುತ್ತ 1802ರ ಜೂನ್ 14ರಂದು ಮುಂಬಯಿಯ ಮೂರು ವರ್ಷದ ಹೆಣ್ಣುಮಗು ಅನ್ನಾ ಡಸ್ಟ್‌ಹಾಲ್‌ಳ ತೋಳಿನಲ್ಲಿ ಲಸಿಕೆ ಕಚ್ಚಿಕೊಂಡಿತು. ಅಲ್ಲಿಂದ ದಕ್ಷಿಣಕ್ಕೂ ಹರಡಿತು.

ಈ ತೋಳಿನ ಸರಪಳಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಇಲ್ಲದಿದ್ದರೆ ಗಂಜಾಂನ ಪಾದ್ರಿಯ ಕೆಲಸ ಎಷ್ಟು ಕಷ್ಟದ್ದೆಂದು ಗೊತ್ತಾಗುವುದಿಲ್ಲ. ಸಣ್ಣ ಕತ್ತಿಯ ಮೊನೆಯಿಂದ ಮಗುವಿನ ತೋಳಿನ ಮೇಲೆ ಗೀರು ಎಳೆದು ರಸ ಸವರುತ್ತಿದ್ದರು. ಮೂರ್ನಾಲ್ಕು ದಿನಕ್ಕೆ ಕೆಂಪಾಗಿ, ಆಮೇಲೆ ನಡುವೆ ತಗ್ಗಾದ ಒಂದು ಬೊಕ್ಕೆ ಏಳುತ್ತಿತ್ತು. ಎಂಟನೆಯ ದಿನದ ಹೊತ್ತಿಗೆ ಅದರಲ್ಲಿ ತಿಳಿಯಾದ ರಸ ತುಂಬಿರುತ್ತಿತ್ತು. ಆಗ ಆ ಮಗುವನ್ನು ಮತ್ತೆ ಕರೆತಂದು, ಬೊಕ್ಕೆಯನ್ನು ಚುಚ್ಚಿ, ಬಂದ ರಸವನ್ನು ಎದುರಿಗೆ ಕುಳಿತ ಹೊಸ ಮಕ್ಕಳ ತೋಳಿಗೆ ದಾಟಿಸಬೇಕು. ತಡವಾದರೆ ರಸ ಕೀವಾಗಿ ಕೆಡುತ್ತದೆ. ಆ ದಿನ ಹೊಸ ಮಗು ಸಿಗದಿದ್ದರೆ ಸರಪಳಿ ಅಲ್ಲಿಗೇ ತುಂಡಾಗುತ್ತದೆ, ಮತ್ತೆ ದೂರದ ಊರಿನಿಂದ ತರಿಸಬೇಕು. ಮಗುವಿಗೆ ಗೀರು ಹಾಕಿಸಿಕೊಂಡ ತಾಯಿ ವಾರ ಕಳೆದು ಮರಳಿ ಬಂದು, ಇನ್ನೂ ಮಾಗದ ಗಾಯವನ್ನು ಇನ್ನೊಂದು ಮಗುವಿಗಾಗಿ ಚುಚ್ಚಿಸಲು ಒಪ್ಪಬೇಕಿತ್ತು. ಅದೂ ಯಾವ ಜಾತಿಯ ಮಗುವಿನ ಮೈಯ ರಸ ಯಾವ ಜಾತಿಯ ಮಗುವಿನ ಮೈಗೆ ಎಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಏಳುತ್ತಿದ್ದ ಕಾಲದಲ್ಲಿ. ಇದು ಕಂಪನಿ ಒತ್ತುವ ಮುದ್ರೆ, ನಾಳೆ ಇದರ ಗುರುತು ಹಿಡಿದು ಕರೆದೊಯ್ಯುತ್ತಾರೆ ಎಂಬ ಗುಮಾನಿಯೂ ಅಂದಿನ ಭಾರತದ ಹಲವೆಡೆ ಇತ್ತು.

ಇಷ್ಟೆಲ್ಲ ಇದ್ದೂ 1803-04ರ ಅವಧಿಯಲ್ಲಿ ದುಬ್ವಾ ಅವರ ಪ್ರಯತ್ನದಿಂದ ಮೈಸೂರು ಸೀಮೆಯಲ್ಲಿ ಲಸಿಕೆ ಹಾಕಿಸಿಕೊಂಡು ಪಟ್ಟಿಯಲ್ಲಿ ದಾಖಲಾದವರು 25,432 ಮಂದಿ. ಇವರೆಲ್ಲ ಗಂಜಾಂನವರಲ್ಲ. ಆದರೆ ಈ ಅಂಕಿಯನ್ನು ಬುಕಾನನ್ನನ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಗಂಜಾಂನ ಜನಸಂಖ್ಯೆಯ ಎರಡು ಪಟ್ಟಿಗಿಂತ ಹೆಚ್ಚು ತೋಳುಗಳು. ರೈಲಿಲ್ಲ, ತಂತಿಯಿಲ್ಲ, ಎತ್ತಿನ ಗಾಡಿಯ ದಾರಿಯೂ ಮಳೆಗಾಲದಲ್ಲಿ ಮುಚ್ಚುವ ಸೀಮೆಯಲ್ಲಿ ಸುಮಾರು ಒಂದು ವರ್ಷದಲ್ಲಿ ಆದ ಕೆಲಸ ಇದು.

ಅದು ಹೇಗೆ ಸಾಧ್ಯವಾಯಿತು? ಕಂಪನಿಯ ದಂಡು ಬೆನ್ನಿಗಿತ್ತು, ದಿವಾನ್ ಪೂರ್ಣಯ್ಯನವರ ಆಡಳಿತವೂ ಇತ್ತು, ನಿಜ. ಆದರೆ ಆಜ್ಞೆ ತಾಯಿಯನ್ನು ಒಂದು ಸಲ ಕರೆತರಬಹುದು. ಎಂಟನೆಯ ದಿನ ಆಕೆ ತಾನಾಗಿ ಮರಳಿ ಬರಬೇಕಾದರೆ ಎದುರಿಗಿರುವವರ ಮೇಲೆ ಭರವಸೆ ಇರಬೇಕು. ಆಕೆಯ ಭಾಷೆಯಲ್ಲಿ ಮಾತಾಡುವ, ಆಕೆಯ ಹಬ್ಬಹರಿದಿನ ಬಲ್ಲ, ಆಕೆ ತಿನ್ನದ್ದನ್ನು ತಾನೂ ತಿನ್ನದ ದೊಡ್ಡಸ್ವಾಮಿಗೆ ಆ ಭರವಸೆ ಸಿಕ್ಕಿತ್ತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮೂರು ದಶಕ ದುಡಿದ ಮೇಲೆ ಹಿಂದೂಗಳನ್ನು ಕ್ರೈಸ್ತ ಮತಕ್ಕೆ ತರುವುದು ಆಗದ ಮಾತು ಎಂದು ದುಬ್ವಾ ಅವರೇ ತಮ್ಮ ಪತ್ರಗಳಲ್ಲಿ ಬರೆದು 1823ರಲ್ಲಿ ಪ್ರಕಟಿಸಿದರು. ಅದೇ ವರ್ಷದ ಜನವರಿಯಲ್ಲಿ ಭಾರತ ಬಿಟ್ಟು ಹೊರಟ ಅವರು ಮತ್ತೆ ಬರಲಿಲ್ಲ, 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಅವರ ದೇವರನ್ನು ಒಪ್ಪದ ಜನ ಅವರ ಕೈಗೆ ಮಕ್ಕಳ ತೋಳನ್ನು ಒಪ್ಪಿಸಿದ್ದರು. ಹಾಸನ ಸೀಮೆಯ ಸಾತಳ್ಳಿಯಲ್ಲಿ ಬಡವರಿಗೆಂದು ಅವರು ಕಟ್ಟಿದ ಬೇಸಾಯದ ನೆಲೆಯೂ ಇದೇ ಬಗೆಯ, ಅನ್ನ ಆರೋಗ್ಯಗಳ ಕೆಲಸ.

ಅರಮನೆಯೂ ತನ್ನ ಪಾಲನ್ನು ಸಲ್ಲಿಸಿತು. ಐರ್ಲೆಂಡಿನ ಚಿತ್ರಕಾರ ಥಾಮಸ್ ಹಿಕಿ 1805ರ ಸುಮಾರಿಗೆ ಬಿಡಿಸಿದ ತೈಲಚಿತ್ರವೊಂದರಲ್ಲಿ ಮೂವರು ಹೆಂಗಸರಿದ್ದಾರೆ, ಮೈತುಂಬ ಒಡವೆ. ಬಹುಕಾಲ ಇವರನ್ನು ನರ್ತಕಿಯರೆಂದೇ ಎಣಿಸಲಾಗಿತ್ತು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅದನ್ನು ಬೇರೆಯಾಗಿ ಓದಿದರು. ಬಲಗಡೆಯ ಹುಡುಗಿ ಸೀರೆಯ ಸೆರಗನ್ನು ಸರಿಸಿ ತೋಳು ತೋರಿಸುತ್ತಿದ್ದಾಳೆ. ಲಸಿಕೆ ಹಾಕುತ್ತಿದ್ದ ಜಾಗ ಅದು. ಎಡಗಡೆಯವಳ ಮೂಗು ಬಾಯಿಗಳ ಸುತ್ತ ಬಣ್ಣ ಪೇಲವವಾಗಿದೆ. ನಿಜವಾದ ಸಿಡುಬಿನ ಹೊಪ್ಪಳೆಯ ಪುಡಿಯನ್ನು ಮೂಗಿಗೆ ಊದುವ ಹಳೆಯ, ಅಪಾಯದ ಪದ್ಧತಿ ಬಿಡುತ್ತಿದ್ದ ಗುರುತು ಅದು ಎಂಬುದು ಅವರ ವಾದ. ನಡುವಿನವರು ಬಾಲ ದೊರೆಯ ಅಜ್ಜಿ ಲಕ್ಷ್ಮಮ್ಮಣ್ಣಿ, ಇಬ್ಬದಿಯಲ್ಲಿರುವವರು ದೊರೆಯ ಇಬ್ಬರು ರಾಣಿಯರು, ಇಬ್ಬರ ಹೆಸರೂ ದೇವಾಜಮ್ಮಣ್ಣಿ ಎಂದು ಅವರು ಗುರುತಿಸುತ್ತಾರೆ. ರಾಣಿಗೆ ಲಸಿಕೆ ಹಾಕಿದ ಸಂಗತಿ 1806ರ ದಾಖಲೆಯೊಂದರಲ್ಲಿ ಬರುತ್ತದೆ. ಅದನ್ನು ಕಂಡು ಜನ ಮುಂದೆ ಬಂದರೆಂದೂ ಅದರಲ್ಲಿದೆ. ಚಿತ್ರದ ಹೆಂಗಸರು ಯಾರೆಂಬುದರಲ್ಲಿ ಭಿನ್ನಾಭಿಪ್ರಾಯ ಇರಬಹುದು. ಆದರೆ ಸಿಡುಬಿನಿಂದ ದೊರೆಯನ್ನು ಕಳೆದುಕೊಂಡು ಬಡ ಮನೆಯಲ್ಲಿ ದಿನ ಕಳೆದಿದ್ದ ಮನೆತನದ ಹಿರಿಯರು, ಒಬ್ಬನೇ ಉಳಿದ ಕುಡಿಯ ಸುತ್ತ ಈ ಕಾವಲು ಹಾಕಿದ್ದು ಸಹಜವಾಗಿಯೇ ಇದೆ. ಹೊರಗಿನವರ ಎದುರು ಬಾರದ ಅಂತಃಪುರದ ಹೆಣ್ಣುಮಕ್ಕಳು ತೋಳು ತೋರಿಸಿ ಚಿತ್ರಕ್ಕೆ ನಿಂತದ್ದು ನಿಜವಾದರೆ, ಆ ಧೈರ್ಯಕ್ಕೆ ಯುದ್ಧಭೂಮಿಯ ಧೈರ್ಯಕ್ಕಿಂತ ಕಡಿಮೆ ಬೆಲೆ ಕಟ್ಟಲಾಗದು.

ಸಿಡುಬಿಗೆ ಲಸಿಕೆ ಸಿಕ್ಕಿತು. ಜ್ವರಕ್ಕೆ ಸಿಗಲಿಲ್ಲ.

ಕೋಟೆ ಬಿದ್ದ ಮೇಲೆ ದ್ವೀಪವನ್ನು ಕಂಪನಿ ತನ್ನಲ್ಲೇ ಇಟ್ಟುಕೊಂಡು ದಂಡನ್ನು ನಿಲ್ಲಿಸಿತು. ಕಾವಲಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂದುಕೊಂಡ ಸೈನಿಕರು ವರ್ಷ ವರ್ಷವೂ ಚಳಿಜ್ವರದಲ್ಲಿ ನಡುಗಿದರು. ಕಾವೇರಿ ದಡದಲ್ಲಿರುವ ಗ್ಯಾರಿಸನ್ ಸ್ಮಶಾನದಲ್ಲಿ 300ಕ್ಕೂ ಹೆಚ್ಚು ಸಮಾಧಿಗಳಿವೆ. ಕಂಪನಿಯ ಪರ ಕಾದಾಡಿದ ಸ್ವಿಟ್ಜರ್ಲೆಂಡಿನ ದ ಮ್ಯೂರಾನ್ ಪಡೆಯ ಅಧಿಕಾರಿಗಳು, ಅವರ ಹೆಂಡಿರು, ಎಳೆಯ ಮಕ್ಕಳು ಅಲ್ಲಿ ಮಲಗಿದ್ದಾರೆ. ಮುತ್ತಿಗೆ ಮುಗಿದದ್ದು 1799ರಲ್ಲಿ, ಸಮಾಧಿಗಳ ಸಾಲು ಮಾತ್ರ ಆಮೇಲೆಯೂ ದಶಕಗಟ್ಟಲೆ ಬೆಳೆಯಿತು. ದ ಮ್ಯೂರಾನ್ ವಂಶದವರು ಸ್ಥಳೀಯರ ಜೊತೆ ಸೇರಿ 2007-08ರಲ್ಲಿ ಈ ಜಾಗವನ್ನು ದುರಸ್ತಿ ಮಾಡಿಸಿದ್ದಾರೆ. ಜ್ವರಕ್ಕೆ ಸತ್ತ ಗಂಜಾಂನ ನೇಕಾರರಿಗೆ, ತೋಟದ ಆಳುಗಳಿಗೆ ಕಲ್ಲು ನೆಟ್ಟವರಿಲ್ಲ. ಸಾವಿನ ಲೆಕ್ಕದಲ್ಲೂ ಹೀಗೆ ಬಡವರ ಪುಟ ಖಾಲಿ ಉಳಿದಿದೆ.

ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆಂದು ಅಂದಿನ ವೈದ್ಯರು ನಂಬಿದ್ದರು. ಕಂದಕದ ಕೊಳೆ ನೀರು, ಗದ್ದೆಯ ಕೆಸರು, ಕೊಳೆತ ಎಲೆ ಎಲ್ಲದರ ಮೇಲೂ ಅನುಮಾನ. ಕಾರಣ ತಪ್ಪು, ಆದರೆ ಬೊಟ್ಟು ಮಾಡಿದ ಜಾಗ ಹೆಚ್ಚುಕಡಿಮೆ ಸರಿಯಾಗಿತ್ತು. ಬೇಸಿಗೆಯಲ್ಲಿ ಹೊಳೆ ಇಳಿದಾಗ ಬಂಡೆಗಳ ಸಂದಿನಲ್ಲಿ ಉಳಿಯುವ ತಿಳಿನೀರಿನ ಗುಂಡಿಗಳು, ನಾಲೆಯಂಚಿನ ಸೋರುನೀರು, ಗದ್ದೆಯ ನಿಂತ ನೀರು ಇವೇ ದಕ್ಷಿಣದ ಗ್ರಾಮಾಂತರದಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಸೊಳ್ಳೆಗೆ ಇಷ್ಟದ ತಾಣಗಳು. ದ್ವೀಪದಲ್ಲಿ ಇವು ಮೂರೂ ಇದ್ದವು.

ಕೊನೆಗೆ ದಂಡೇ ಎದ್ದು ಹೊರಟಿತು. 1809ರಲ್ಲಿ ಬೆಂಗಳೂರಿನ ಹಲಸೂರಿನ ಬಳಿ ಎತ್ತರದ ಬಯಲಿನಲ್ಲಿ ದಂಡು ಪ್ರದೇಶ ತಲೆಯೆತ್ತಿತು. ದಂಡಿನ ಹಿಂದೆಯೇ ದರ್ಜಿಗಳು, ವರ್ತಕರು, ಅಡುಗೆಯವರು ಹೋದರು. ಆಸ್ಥಾನ ಮೊದಲೇ ಮೈಸೂರಿಗೆ ಹೋಗಿತ್ತು. 1881ರಲ್ಲಿ ರಾಜ್ಯವನ್ನು ಒಡೆಯರ ಮನೆತನಕ್ಕೆ ಮರಳಿಸುವಾಗ ಬ್ರಿಟಿಷರು ದ್ವೀಪವನ್ನು ಬಿಟ್ಟುಕೊಟ್ಟು, ಅದಕ್ಕೆ ಬದಲಾಗಿ ಬೆಂಗಳೂರಿನ ದಂಡು ಪ್ರದೇಶವನ್ನು ತಮ್ಮಲ್ಲಿ ಇಟ್ಟುಕೊಂಡರು. ಬೆಂಗಳೂರು ಇಂದು ಇರುವಂತೆ ಬೆಳೆದದ್ದರ ಹಿಂದೆ ಅದರ ಹವೆಯ ಹೊಗಳಿಕೆ ಎಷ್ಟಿದೆಯೋ ಶ್ರೀರಂಗಪಟ್ಟಣದ ಸೊಳ್ಳೆಯೂ ಅಷ್ಟೇ ಇದೆ.

ಮಲೇರಿಯಾ ಹರಡುವ ಸೊಳ್ಳೆಯ ಗುಟ್ಟನ್ನು ವೈದ್ಯ ರೊನಾಲ್ಡ್ ರಾಸ್ ಒಡೆದದ್ದು 1897ರ ಆಗಸ್ಟ್‌ನಲ್ಲಿ, ಸಿಕಂದರಾಬಾದಿನಲ್ಲಿ. ಅದಕ್ಕೆ ಮುಂಚೆ ಅವನು ಬೆಂಗಳೂರಿನಲ್ಲಿ ಕಾಲರಾ ತಡೆಯುವ ನೈರ್ಮಲ್ಯದ ಕೆಲಸದಲ್ಲಿದ್ದ. ತಿಳಿವು ಬಂದ ಮಾತ್ರಕ್ಕೆ ಗಂಜಾಂ ಸುತ್ತಲ ಜ್ವರ ಇಳಿಯಲಿಲ್ಲ. ಕನ್ನಂಬಾಡಿ ಕಟ್ಟೆ ಎದ್ದು, ಇಂದು ವಿಶ್ವೇಶ್ವರಯ್ಯ ನಾಲೆ ಎನ್ನುವ ಇರ್ವಿನ್ ನಾಲೆಯ ನೀರು ಮಂಡ್ಯದ ಒಣ ಹೊಲಗಳಿಗೆ ಹರಿದಾಗ ದ್ವೀಪದ ಹಳೆಯ ಕತೆ ದೊಡ್ಡ ಪ್ರಮಾಣದಲ್ಲಿ ಮರುಕಳಿಸಿತು. ಕಬ್ಬು ಬಂತು, ಭತ್ತ ಬಂತು, ಮಕ್ಕಳ ಹೊಟ್ಟೆಯಲ್ಲಿ ಜ್ವರಗಡ್ಡೆಯೂ, ಅಂದರೆ ಮಲೇರಿಯಾದಿಂದ ಊದಿದ ಗುಲ್ಮವೂ ಬಂತು.

ಈ ಸಲ ಸರ್ಕಾರ ಕೈಕಟ್ಟಿ ಕೂರಲಿಲ್ಲ. 1920ರ ದಶಕದ ಕೊನೆಯಿಂದ ಮೈಸೂರು ಸಂಸ್ಥಾನ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಜೊತೆಗೂಡಿ ಮಂಡ್ಯದಲ್ಲಿ ಆರೋಗ್ಯ ಘಟಕ ತೆರೆಯಿತು. ಮೂಡಿಗೆರೆ, ಹಿರಿಯೂರು, ನಾಗೇನಹಳ್ಳಿಗಳಲ್ಲಿ ಮಲೇರಿಯಾ ಅಧ್ಯಯನ ಕೇಂದ್ರಗಳು ನಡೆದವು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಡ ಪಕ್ಕೆಲುಬಿನ ಕೆಳಗೆ ಬೆರಳೊತ್ತಿ ಗಡ್ಡೆ ಎಷ್ಟು ಊದಿದೆಯೆಂದು ನೋಡುವುದೇ ಆಗಿನ ಸಮೀಕ್ಷೆ. ಪ್ಯಾರಿಸ್ ಗ್ರೀನ್ ಎಂಬ ಹಸಿರು ವಿಷದ ಪುಡಿಯನ್ನು ರಸ್ತೆಯ ದೂಳಿನಲ್ಲಿ ಕಲಸಿ ನಾಲೆ, ಗುಂಡಿಗಳ ಮೇಲೆ ತೂರುತ್ತಿದ್ದರು. ನೀರಿನ ಮೇಲ್ಪದರದಲ್ಲಿ ಮೇಯುವ ಅನಾಫಿಲಿಸ್ ಮರಿಹುಳು ಅದನ್ನು ತಿಂದು ಸಾಯುತ್ತಿತ್ತು. ಇದೇ ಕೆಲಸದಲ್ಲಿದ್ದ ಡಬ್ಲ್ಯು.ಸಿ. ಸ್ವೀಟ್ ಮತ್ತು ಬಿ.ಎ. ರಾವ್ 1937ರಲ್ಲಿ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ತೇಲುಚೀಲದ ಮೇಲಿನ ಏಣುಗಳನ್ನು ಎಣಿಸಿ, ಅದರಲ್ಲಿ ಎರಡು ಬಗೆಗಳಿವೆಯೆಂದು ತೋರಿಸಿದರು. ಒಂದಕ್ಕೆ ‘ಮೈಸೂರೆನ್ಸಿಸ್’ ಎಂಬ ಹೆಸರು ನಿಂತಿತು. 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ ಸ್ಟೀಫೆನ್ಸಿ ಕಾಣಿಸಿಕೊಂಡು ಹರಡತೊಡಗಿದ ಮೇಲೆ ಅಲ್ಲಿನ ವಿಜ್ಞಾನಿಗಳೂ ಮೈಸೂರಿನ ಆ ಎಣಿಕೆಯತ್ತ ಮರಳಿ ನೋಡುತ್ತಿದ್ದಾರೆ. ಎರಡನೆಯ ಮಹಾಯುದ್ಧದ ನಂತರ ಡಿಡಿಟಿ ಬಂತು, 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು. ಮನೆ ಗೋಡೆಗೆ ಬಿಳಿ ಮದ್ದು ಸಿಂಪಡಿಸಲು ಬರುತ್ತಿದ್ದವರ ನೆನಪು ಹಳಬರಲ್ಲಿ ಇನ್ನೂ ಇದೆ.

ಸಿಡುಬಿನ ಸರಪಳಿ ಇದರ ಪಕ್ಕದಲ್ಲೇ ಮುಂದುವರಿಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮಗುವಿನ ತೋಳಿನ ಬದಲು ಕರುವಿನ ಮೈಯಿಂದ ರಸ ತೆಗೆಯುವ ಕ್ರಮ ಬಂತು. ಬೆಂಗಳೂರಿನ ಲಸಿಕಾ ಸಂಸ್ಥೆಯಲ್ಲಿ ಅದನ್ನು ನಡೆಸಿದವರಲ್ಲಿ ಡಾ. ಪಲ್ಪು ಒಬ್ಬರು. ಈಳವ ಜಾತಿಯವರೆಂಬ ಕಾರಣಕ್ಕೆ ಹುಟ್ಟುನಾಡಾದ ತಿರುವಾಂಕೂರಿನಲ್ಲಿ ಕೆಲಸ ಸಿಗದೆ ಮೈಸೂರಿಗೆ ಬಂದ ಅವರು 1898ರ ಬೆಂಗಳೂರಿನ ಪ್ಲೇಗಿನ ನಡುವೆಯೂ ಶಿಬಿರಗಳಲ್ಲಿ ನಿಂತು ದುಡಿದರು. ಹಳ್ಳಿ ಹಳ್ಳಿಗೆ ಮೈಲಿ, ಅಂದರೆ ಸಿಡುಬಿನ ಲಸಿಕೆ, ಹಾಕುವವರು ಬಂದರೆ ಮಕ್ಕಳು ಹಿತ್ತಿಲಿಗೆ ಓಡುತ್ತಿದ್ದ ದಿನಗಳು ಇಪ್ಪತ್ತನೆಯ ಶತಮಾನದ ಎಪ್ಪತ್ತರ ದಶಕದವರೆಗೂ ಇದ್ದವು. 1975ರ ಮೇ ತಿಂಗಳಲ್ಲಿ ಭಾರತದ ಕೊನೆಯ ಸಿಡುಬು ಪ್ರಕರಣ ಅಸ್ಸಾಮಿನಲ್ಲಿ ಸಿಕ್ಕಿತು. 1980ರ ಮೇನಲ್ಲಿ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಮೈಸೂರು ಸೀಮೆಯ ಮಟ್ಟಿಗೆ ಆ ದಾರಿಯ ಮೊದಲ ದೊಡ್ಡ ಹೆಜ್ಜೆ ಇಟ್ಟವರು ಗಂಜಾಂನ ದೊಡ್ಡಸ್ವಾಮಿ.

ಶ್ರೀರಂಗಪಟ್ಟಣಕ್ಕೆ ಬರುವ ಶಾಲಾ ಮಕ್ಕಳ ಬಸ್ಸುಗಳು ಟಿಪ್ಪು ಬಿದ್ದ ಜಾಗ, ದರಿಯಾ ದೌಲತ್, ಗುಂಬಜ್, ಸಂಗಮ ಸುತ್ತಿ ಹೋಗುತ್ತವೆ. ಗುಂಬಜ್‌ಗೂ ಸಂಗಮಕ್ಕೂ ಹೋಗುವವರು ಹೇಗಿದ್ದರೂ ಗಂಜಾಂ ಹಾದೇ ಹೋಗಬೇಕು. ಚರ್ಚಿನ ಮುಂದೆ ಹತ್ತು ನಿಮಿಷ ಬಸ್ಸು ನಿಲ್ಲಿಸಿ 25,432 ಮಂದಿಯ ಆ ಪಟ್ಟಿಯ ಕತೆಯನ್ನು ಮಕ್ಕಳಿಗೆ ಹೇಳಲು ಯಾರ ಅಪ್ಪಣೆಯೂ ಬೇಕಿಲ್ಲ. ಮೇಷ್ಟರುಗಳು ಮುಂದಿನ ಪ್ರವಾಸದಿಂದಲೇ ಶುರು ಮಾಡಬಹುದು.